ಹಿಂದಕ್ಕೂ ತಿರುಗುವ ರೆಕ್ಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ, ಕಿಟಕಿಗೆ ಆನಿಸಿದ ಮೇಜಿನ ಮುಂದೆ, ಒಬ್ಬ ಹೆಂಗಸು ಉಸಿರು ಬಿಗಿಹಿಡಿದು ಕೂತಿದ್ದಾರೆ. ಮೇಜಿನ ಮೇಲೆ ಎದುರುಬದುರಾಗಿ ಎರಡು ಅಯಸ್ಕಾಂತ. ಅವುಗಳ ನಡುವೆ ಸೂಜಿಯಷ್ಟು ತೆಳ್ಳಗಿನ ಸರಳು, ಸರಳಿಗೆ ಪೋಣಿಸಿದ ಹಿತ್ತಾಳೆಯ ಪುಟ್ಟ ಪ್ರೊಪೆಲ್ಲರ್. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಚಿಕ್ಕದು, ಮೂರು ರೆಕ್ಕೆ. ಬೆರಳ ತುದಿಯಿಂದ ಅದನ್ನು ತಿರುಗಿಸಿ ಬಿಡುತ್ತಾರೆ. ಅದು ಸುತ್ತುತ್ತದೆ, ನಿಧಾನಿಸುತ್ತದೆ, ಒಂದು ರೆಕ್ಕೆಯನ್ನು ಕೆಳಕ್ಕೆ ಚಾಚಿ ನಿಲ್ಲುತ್ತದೆ.

"ನೋಡಿ, ಹೊಟ್ಟೆಬಾಕ ಸಿಕ್ಕಿಬಿದ್ದ," ಅನ್ನುತ್ತಾರೆ. "ಮೂವರಿಗೂ ಸಮಾ ಬಡಿಸಿದ್ರೂ ಒಬ್ಬ ದಪ್ಪ ಆಗಿರ್ತಾನೆ. ಅವನು ಭಾರ ಅಂತ ತಾನೇ ತೋರಿಸ್ಕೊಡ್ತಾನೆ, ನಾವು ಹುಡುಕೋದೇ ಬೇಡ."

ಕೆಳಗೆ ಇಳಿದ ಆ ರೆಕ್ಕೆಯ ಬೆನ್ನನ್ನು ಸಣ್ಣ ಅರದಿಂದ ಮೆಲ್ಲಗೆ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಮತ್ತೆ ಸರಳಿಗೆ ಏರಿಸುತ್ತಾರೆ. ನಾನು ಕುತೂಹಲಕ್ಕೆ ತುಸು ಹತ್ತಿರ ಬಗ್ಗುತ್ತೇನೆ. "ಉಸಿರು ಆ ಕಡೆ ಬಿಡಿ ಸಾರ್. ನಿಮ್ಮ ಗಾಳಿಗೇ ತಿರುಗುತ್ತೆ ಇದು." ನಾನು ಬಾಗಿಲ ಕಡೆ ಮುಖ ಮಾಡಿ ನಿಲ್ಲುತ್ತೇನೆ. ಸಂದರ್ಶನಕ್ಕೆ ಹೋಗಿ ಬೈಸಿಕೊಂಡದ್ದುಂಟು, ಕಾಯಿಸಿಕೊಂಡದ್ದುಂಟು. ಉಸಿರಾಡಲೂ ಅಪ್ಪಣೆ ಬೇಕಾದ ಮನೆ ಇದೇ ಮೊದಲು.

ಇವರನ್ನು ಬಲ್ಲವರೆಲ್ಲ ಕರೆಯುವುದು 'ರೆಕ್ಕೆ ಅಕ್ಕ' ಅಂತ. ರಿಮೋಟಿನಿಂದ ಓಡಿಸುವ ಮಾದರಿ ಬೋಟುಗಳಿವೆಯಲ್ಲ, ತೋಳುದ್ದದವು, ಕೊಳದ ಮೇಲೆ ಕಿರ್ರನೆ ಚೀರುತ್ತಾ ನೀರು ಸೀಳಿಕೊಂಡು ಹೋಗುವಂಥವು, ಅವುಗಳ ಪ್ರೊಪೆಲ್ಲರ್ ಮತ್ತು ಅದನ್ನು ತಿರುಗಿಸುವ ಭಾಗಗಳನ್ನು ಬದಲಿಸಿ, ತಿದ್ದಿ, ಬೋಟಿನ ಕೈಕಾಲು ಸರಿಮಾಡಿ ಕೊಡುವುದು ಇವರ ಕಸುಬು. ಬೋಟಿನ ಜೊತೆ ಬರುವ ಪ್ಲಾಸ್ಟಿಕ್ ರೆಕ್ಕೆಯನ್ನು ಕಿತ್ತು ಹಿತ್ತಾಳೆಯದನ್ನು ಕೂರಿಸಿದರೆ ಸಾಕು, ಬೋಟು ಓಡುತ್ತದೆ ಅಂತ ನಾನು ಅಂದುಕೊಂಡಿದ್ದೆ. ಅಕ್ಕ ನಕ್ಕುಬಿಟ್ಟರು. ಎರಕದ ಮನೆಯಿಂದ ಬರುವ ಹಿತ್ತಾಳೆ ರೆಕ್ಕೆ ಒರಟೊರಟಾಗಿ, ಮೊಂಡು ಅಂಚಿನದಾಗಿರುತ್ತದೆ. ಅದನ್ನು ತೆಳುಮಾಡಬೇಕು, ಅಂಚು ಹರಿತ ಮಾಡಬೇಕು, ತೂಕ ಸಮ ಮಾಡಬೇಕು. ಇಲ್ಲದಿದ್ದರೆ ರೆಕ್ಕೆ ನಡುಗಿ, ಆ ನಡುಕ ಅದನ್ನು ಮೋಟಾರಿಗೆ ಜೋಡಿಸುವ ಶಾಫ್ಟಿಗೆ ಏರಿ, ಬೇರಿಂಗಿಗೆ ಏರಿ, ಕೊನೆಗೆ ಮೋಟಾರನ್ನೇ ತಿನ್ನುತ್ತದೆ.

"ಓಡಿಸೋರು ಏನಾದ್ರೂ ಸೋತರೆ ರೆಕ್ಕೆ ಸರಿಯಿಲ್ಲ ಅಂತಾರೆ, ಗೆದ್ದರೆ ಕೈ ಚಳಕ ಅಂತಾರೆ. ಕುಣೀಲಾರದೋಳು ನೆಲ ಡೊಂಕು ಅಂದಹಾಗೆ," ಅನ್ನುತ್ತಾರೆ. ಅದರಲ್ಲಿ ಕೋಪವೇನೂ ಇಲ್ಲ. ಅರ ತನ್ನಷ್ಟಕ್ಕೆ ಓಡುತ್ತಿರುತ್ತದೆ.

ಇಂಥ ಲೇಖನ ಬರೆಯುವವರಿಗೆ ಅಂಕಿ ಬೇಕು. ದಿನಕ್ಕೆ ಎಷ್ಟು, ತಿಂಗಳಿಗೆ ಎಷ್ಟು, ಇದುವರೆಗೆ ಒಟ್ಟು ಎಷ್ಟು. ಕೇಳಿದೆ. "ಎಣಿಸ್ತಾ ಕೂತ್ರೆ ಉಜ್ಜೋರು ಯಾರು ಸಾರ್?" ಅಂದರು. ಅಲ್ಲಿಗೆ ನನ್ನ ಅಂಕಿಸಂಖ್ಯೆಯ ವಿಭಾಗ ಮುಗಿಯಿತು.

ಮೊದಲು ಇವರು ನಲ್ಲಿ ತಯಾರಿಸುವ ಕಾರ್ಖಾನೆಯಲ್ಲಿದ್ದವರು. ಹಿತ್ತಾಳೆ ನಲ್ಲಿಗಳಿಗೆ ಹೊಳಪು ಕೊಡುವ ಸಾಲಿನಲ್ಲಿ, ತಿರುಗುವ ಬಟ್ಟೆಚಕ್ರದ ಮುಂದೆ ನಿಂತು ಯೌವನ ಕಳೆದವರು. ಪ್ಲಾಸ್ಟಿಕ್ ನಲ್ಲಿ ಬಂತು, ಕಾರ್ಖಾನೆ ಬಾಗಿಲು ಹಾಕಿತು. ಆಗ ಅಕ್ಕನ ಯಜಮಾನರು ಬಸ್ ಚಾಲಕ. ವಾರಕ್ಕೊಂದು ರಜೆ, ಆ ರಜೆಯಲ್ಲಿ ಕೊಳದ ದಡ, ಕೈಯಲ್ಲೊಂದು ರಿಮೋಟು. ದಿನವಿಡೀ ದೊಡ್ಡ ಬಸ್ಸು ಓಡಿಸಿ ಬಂದವನಿಗೆ ಪುಟ್ಟ ಬೋಟು ಓಡಿಸುವ ಹುಚ್ಚು ಯಾಕೆ ಅಂತ ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ಒಂದು ದಿನ ಅವರು ಹೊಸ ಹಿತ್ತಾಳೆ ಪ್ರೊಪೆಲ್ಲರ್ ತಂದು ಊಟದ ಮೇಜಿನ ಮೇಲಿಟ್ಟು ಮೆರೆದರಂತೆ. ಅಕ್ಕ ಅದರ ಮೇಲೆ ಹೆಬ್ಬೆರಳು ಆಡಿಸಿ, "ಇದೇನ್ರೀ, ಹಸೀದೇ ತಂದಿದ್ದೀರಲ್ಲ, ಇದಿನ್ನೂ ಬೆಂದಿಲ್ಲ," ಅಂದರಂತೆ. ಅಲ್ಲಿಂದ ಶುರು.

"ಆ ಹೊತ್ತಿಗೇ ಕಸಿದು ಎಸೀಬೇಕಿತ್ತು ನಾನು," ಎಂದು ಅಡುಗೆಮನೆಯಿಂದ ಒಂದು ದನಿ. ಅಕ್ಕನ ಅತ್ತೆ. ಕಿವಿ ಮಂದ ಅಂತ ಹೇಳಿಕೊಳ್ಳುತ್ತಾರೆ, ಆದರೆ ಬೇಕಾದ ಮಾತೊಂದೂ ತಪ್ಪುವುದಿಲ್ಲ. "ಮಗನಿಗೆ ಹುಚ್ಚು ಅಂತ ಸೊಸೆ ತಂದ್ಕೊಂಡೆ ಕಣಪ್ಪಾ. ಅವಳು ಬಂದು ಹುಚ್ಚಿಗೆ ಹೊಳಪು ಕೊಟ್ಲು." ಹೇಳಿ ನನ್ನ ಕೈಗೊಂದು ಟೀ ಲೋಟ ತುರುಕಿ ಹೋಗುತ್ತಾರೆ.

ನಗುವ ಮನೆಯೇ. ಆದರೆ ಇವತ್ತು ಆ ನಗುವಿನ ಅಡಿಯಲ್ಲಿ ಒಂದು ಅಳುಕಿದೆ. ಮನೆಯ ಮೂರನೆಯ ಸದಸ್ಯರು, ಯಜಮಾನರು, ಮುಂದಿನ ಕೋಣೆಯಲ್ಲಿ ಪತ್ರಿಕೆ ಹಿಡಿದು ಕೂತಿದ್ದಾರೆ. ನಾನು ಬಂದಾಗಿನಿಂದ ಆ ಪುಟ ತಿರುಗಿಲ್ಲ.

ಆದದ್ದು ಇಷ್ಟು. ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಯಜಮಾನರ ಬೋಟು ಕೊಳದ ಆಚೆ ಬದಿಯ ಜೊಂಡಿನಲ್ಲಿ ಸಿಕ್ಕಿಕೊಂಡು ನಿಂತಿತು. ಮೊಣಕಾಲುಮಟ್ಟದ ನೀರು ತಾನೇ ಅಂತ ಅವರು ಪ್ಯಾಂಟು ಮಡಚಿ ಇಳಿದೇಬಿಟ್ಟರು, ನೋಡಿದರೆ ಎದೆಮಟ್ಟ. ಕೆಳಗೆ ಕೆಸರು ಕಾಲು ಹಿಡಿಯಿತು, ಪಾಚಿ ಸುತ್ತಿಕೊಂಡಿತು. ಗೆಳೆಯರು ಹಗ್ಗ ಎಸೆದು ಎಳೆದು ಹಾಕುವ ಹೊತ್ತಿಗೆ ಹೊಟ್ಟೆ ತುಂಬಾ ನೀರು ಕುಡಿದಿದ್ದರು. ಜೀವಕ್ಕೇನೂ ಆಗಲಿಲ್ಲ. ಆದರೆ ಕೊಳದ ಮೇಲ್ವಿಚಾರಕರು ಮರುದಿನವೇ ಎಲ್ಲರನ್ನೂ ಕರೆಸಿ ಖಡಾಖಂಡಿತವಾಗಿ ಹೇಳಿದರು: ನಿಂತುಹೋದ ಬೋಟನ್ನು ಮನುಷ್ಯ ಇಳಿಯದೆ ತರುವ ದಾರಿ ತೋರಿಸಿ, ಇಲ್ಲವಾದರೆ ಈ ಆಟ ಇಲ್ಲಿ ಬಂದ್. ಕೊಳ ಶುಚಿ ಮಾಡುವ ತೆಪ್ಪವಿದೆ, ಆದರೆ ಭಾನುವಾರ ಅದಕ್ಕೆ ಆಳಿಲ್ಲ. ಬೋಟು ಬಿಡುವವರಿಗೆ ಸುತ್ತಮುತ್ತ ಬೇರೆ ನೀರೂ ಇಲ್ಲ.

ಗೆಳೆಯರು ಯಾರೂ ಯಜಮಾನರಿಗೆ ಒಂದು ಮಾತು ಅನ್ನಲಿಲ್ಲ. ಅದೇ ಹೆಚ್ಚಾಯಿತು. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದರೋ ಏನೋ. ಅಂದಿನಿಂದ ಅವರು ಕೊಳದ ಕಡೆ ತಲೆ ಹಾಕಿಲ್ಲ, ಅಕ್ಕನ ಈ ಕೋಣೆಗೂ ಕಾಲಿಡುವುದು ಬಿಟ್ಟರು. ಅವರ ಬೋಟು ಬೀರುವಿನ ಮೇಲೆ ಹಳೆ ಹೊದಿಕೆ ಹೊದ್ದು ಮಲಗಿದೆ.

"ಕೊಳ ಮುಚ್ಚಿದ್ರೆ ನನಗೆ ಕೆಲಸ ಹೋಗುತ್ತೆ, ಸರಿ, ಕೈಯಿದೆ, ಇನ್ನೊಂದು ನೋಡ್ಕೋತೀನಿ," ಅಕ್ಕ ಅರವನ್ನು ಕೆಳಗಿಟ್ಟು ದನಿ ತಗ್ಗಿಸುತ್ತಾರೆ. "ಆದ್ರೆ ಇವರಿಂದ ಕೊಳ ಮುಚ್ತು ಅಂತ ಆಗ್ಬಾರ್ದು ಸಾರ್. ಸಾಯೋತನಕ ಇವರು ಅದನ್ನ ಹೊತ್ಕೊಂಡು ತಿರುಗ್ತಾರೆ. ನನಗೆ ಗೊತ್ತು ಇವರ ಬುದ್ಧಿ. ನನಗೆ ಸಂಕಟ ಆಗೋದು ಅದಕ್ಕೇನೇ."

ಹಾಗಾಗಿ ಅವರು ಒಂದು ಎಳೆಬೋಟು ಕಟ್ಟಲು ಕೂತರು. ನಿಂತ ಬೋಟನ್ನು ಹೋಗಿ ಎಳೆದು ತರುವ ಬೋಟು. ಮೂತಿಯಲ್ಲಿ ಎರಡು ತೋಳು, ತೋಳಿನ ತುದಿಗೆ ಒಳಮುಖವಾಗಿ ಬಾಗಿದ ಕೊಕ್ಕೆ. ಮುಂದಕ್ಕೆ ಹೋಗಿ ನಿಂತ ಬೋಟನ್ನು ತಬ್ಬಿಕೊಳ್ಳಬೇಕು, ಹಿಂದಕ್ಕೆ ಬಂದು ಜೊಂಡಿನಿಂದ ಬಿಡಿಸಬೇಕು. ಎರಡು ಮೋಟಾರು, ಎರಡು ಪ್ರೊಪೆಲ್ಲರು, ಒಂದು ಎಡಕ್ಕೆ ಒಂದು ಬಲಕ್ಕೆ ತಿರುಗುವಂಥವು, ಎಳೆಯುವಾಗ ಬೋಟು ಪಕ್ಕಕ್ಕೆ ಜಗ್ಗದಿರಲಿ ಅಂತ. ಅಕ್ಕ ತಮ್ಮ ವಿದ್ಯೆಯನ್ನೆಲ್ಲ ಅದರಲ್ಲಿ ಸುರಿದರು. ರೇಸಿನ ಬೋಟಿಗೆ ಹಾಕುವ ಅತ್ಯುತ್ತಮ ಭಾಗಗಳು, ಕೂದಲು ಸೀಳುವಷ್ಟು ಹರಿತದ ರೆಕ್ಕೆಗಳು.

ಕಳೆದ ಭಾನುವಾರ ಮೇಲ್ವಿಚಾರಕರ ಎದುರು ಪರೀಕ್ಷೆ. ಬೇಕರಿಯವನೊಬ್ಬನ ಭಾರದ ಬೋಟನ್ನು ಜೊಂಡಿನಲ್ಲಿ ನಿಲ್ಲಿಸಿದ್ದರು. ಎಳೆಬೋಟು ಬಾಣದ ಹಾಗೆ ಹೋಯಿತು, ತಬ್ಬಿಕೊಂಡಿತು. ದಡದಲ್ಲಿ ಚಪ್ಪಾಳೆ. ಅಕ್ಕ ರಿವರ್ಸ್ ಕೊಟ್ಟರು. ಮೋಟಾರು ಕೂಗಿತು, ಬೋಟು ಕದಲಲಿಲ್ಲ. ಇನ್ನಷ್ಟು ಕೊಟ್ಟರು. ಒಳಗೆ ಏನೋ ಕಟಕಟ ಅಂದಿತು, ಅಷ್ಟೇ. ಒಂದು ಬೋಟು ಸಿಕ್ಕಿಕೊಂಡಿದ್ದ ಜಾಗದಲ್ಲಿ ಈಗ ಎರಡು.

"ಹೋದ ಪುಟ್ಟ ಬಂದ ಪುಟ್ಟ ಅಂತಾರಲ್ಲ ಸಾರ್, ಹಾಗಾಗಿದ್ರೂ ಮರ್ಯಾದೆ ಉಳೀತಿತ್ತು," ಅಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. "ನಮ್ಮದು ಹೋದ ಪುಟ್ಟ ಬರ್ಲೇ ಇಲ್ಲ!"

ಮೇಲ್ವಿಚಾರಕರು ನಗಲೂ ಇಲ್ಲ, ಬೈಯಲೂ ಇಲ್ಲ. ಸೋಮವಾರ ತೆಪ್ಪದವರಿಂದ ಎರಡೂ ಬೋಟು ತೆಗೆಸಿಕೊಟ್ಟು, "ಇನ್ನೊಂದು ಭಾನುವಾರ ನೋಡ್ತೀನಿ ಅಮ್ಮಾ, ಅದೇ ಕೊನೆ," ಅಂದರು. ಆ ಭಾನುವಾರವೇ ಇವತ್ತು.

ಪಾಚಿ ಸುತ್ತಿ ಶಾಫ್ಟು ತುಂಡಾಗಿದೆ ಅಂತ ಅಕ್ಕ ಲೆಕ್ಕ ಹಾಕಿದ್ದರು. ಇನ್ನೂ ದಪ್ಪನೆಯದನ್ನು ಹಾಕುವ ತಯಾರಿಯಲ್ಲಿದ್ದರು. ಆ ಸೋಮವಾರ ಸಂಜೆ ಬಾಗಿಲಲ್ಲಿ ನೆರಳು. ಯಜಮಾನರು. ತಿಂಗಳುಗಳ ಮೇಲೆ ಮೊದಲ ಬಾರಿಗೆ ಕೋಣೆಯೊಳಗೆ ಬಂದು, ಮೇಜಿನ ಮೇಲಿದ್ದ ಕೆಟ್ಟ ಶಾಫ್ಟನ್ನು ಎತ್ತಿ ದೀಪಕ್ಕೆ ಹಿಡಿದರು.

"ಇದು ತುಂಡಾಗಿಲ್ಲ ಕಣೇ. ಬಿಚ್ಕೊಂಡಿದೆ," ಅಂದರು. ಆಮೇಲೆ, "ರಿವರ್ಸ್ ಹಾಕಿದಾಗ ತಾನೇ ಕೈಕೊಟ್ಟಿದ್ದು?"

ಇದು ನನಗೂ ಅರ್ಥವಾಗಲೆಂದು ಅಕ್ಕ ಮೇಜಿನ ಖಾನೆಯಿಂದ ಒಂದು ಶಾಫ್ಟು ತೆಗೆದು ಕೈಗೆ ಕೊಡುತ್ತಾರೆ. ರೇಸ್ ಬೋಟಿನ ಶಾಫ್ಟು ಗಟ್ಟಿ ಸರಳಲ್ಲ, ಸಣ್ಣ ಸಣ್ಣ ಉಕ್ಕಿನ ತಂತಿಗಳನ್ನು ಹಗ್ಗದ ಹಾಗೆ ಹುರಿ ಮಾಡಿದ್ದು. ಬಾಗುತ್ತದೆ, ಆದ್ದರಿಂದ ಬೋಟಿನ ಹೊಟ್ಟೆಯೊಳಗೆ ಹೇಗೆ ಬೇಕಾದರೂ ಹಾಯಿಸಬಹುದು. ಒಂದು ಕಡೆ ತಿರುಗಿಸಿದರೆ ಹುರಿ ಬಿಗಿಯುತ್ತದೆ. ಇನ್ನೊಂದು ಕಡೆ ತಿರುಗಿಸಿದರೆ ಹಗ್ಗದಂತೆಯೇ ಬಿಚ್ಚಿಕೊಳ್ಳುತ್ತದೆ.

"ಎಡಕ್ಕೆ ತಿರುಗೋದಕ್ಕೆ ಎಡಹುರಿ, ಬಲಕ್ಕೆ ತಿರುಗೋದಕ್ಕೆ ಬಲಹುರಿ, ಅದನ್ನೆಲ್ಲ ನೋಡಿ ನೋಡಿ ಹಾಕಿದ್ದೆ. ಅದರಲ್ಲೆಲ್ಲ ನಾನು ಮಹಾ ಜಾಣೆ. ಆದ್ರೆ ರಿವರ್ಸ್ ಹಾಕಿದ ತಕ್ಷಣ ಎರಡೂ ಉಲ್ಟಾ ಆಗುತ್ತಲ್ಲ, ಅದು ತಲೆಗೇ ಬರ್ಲಿಲ್ಲ. ಯಾಕೆ ಹೇಳಿ? ರೇಸ್ ಬೋಟಿಗೆ ರಿವರ್ಸೇ ಇರಲ್ಲ! ಇಷ್ಟು ವರ್ಷ ಮುಂದಕ್ಕೆ ಓಡೋದನ್ನೇ ಮಾಡಿ ಮಾಡಿ, ಹಿಂದಕ್ಕೆ ಅನ್ನೋದೊಂದಿದೆ ಅಂತಾನೇ ಮರೆತುಹೋಗಿತ್ತು ಸಾರ್. ಇವರು ಬಸ್ಸಿನೋರು ನೋಡಿ. ನಿಲ್ದಾಣದಲ್ಲಿ ದಿನಾ ಹಿಂದಕ್ಕೆ ತೆಗೆದೋರು."

ಆಮೇಲೆ ಆ ವಾರವೆಲ್ಲ ಇಬ್ಬರೂ ಕೂಡಿ ಬಿಚ್ಚಿದ್ದು, ಕಟ್ಟಿದ್ದು. ಹುರಿಯ ಶಾಫ್ಟು ಹೋಗಿ ಗಟ್ಟಿ ಉಕ್ಕಿನ ಸರಳು ಬಂತು. ಸರಳು ಬಾಗುವುದಿಲ್ಲವಾದ್ದರಿಂದ ಅದು ಸಾಗುವ ಕೊಳವೆಗಳನ್ನು ಕಿತ್ತು ನೇರಕ್ಕೆ ಹಾಕಬೇಕಾಯಿತು, ಮೋಟಾರುಗಳನ್ನು ಕೆಳಗಿಳಿಸಿ ಕೂರಿಸಬೇಕಾಯಿತು. ಜೋರಾಗಿ ಸುತ್ತುವ ಮೋಟಾರಿನ ಬದಲು ಮೆಲ್ಲಗೆ ಸುತ್ತಿ ಬಲವಾಗಿ ಎಳೆಯುವಂಥದ್ದು. ರೆಕ್ಕೆಗಳ ಸುತ್ತ ಪಾಚಿ ತಡೆಯಲು ತಂತಿಯ ಬುಟ್ಟಿ. ಯಜಮಾನರು ಕೊಳವೆಗೆ ಗ್ರೀಸು ತುಂಬಿದರು. "ತುಂಬಾ ಬೇಡ ರೀ," ಅಂದರೆ, "ನೀನು ರೆಕ್ಕೆ ನೋಡ್ಕೋ," ಅಂದರಂತೆ. ಮನೆಯಲ್ಲಿ ಜಗಳ ಮರಳಿ ಬಂತು ಅಂತ ಅತ್ತೆಗೆ ಖುಷಿಯೋ ಖುಷಿ.

ಅಕ್ಕನಿಗೆ ಕಷ್ಟವಾದದ್ದು ರೆಕ್ಕೆಯೇ. ಒಂದಂಚನ್ನು ಕತ್ತಿಯಂತೆ ಮಸೆದು, ಇನ್ನೊಂದಂಚಿಗೆ ಬಾಗು ಕೊಟ್ಟು ಪಳಗಿದ ಕೈ ಅದು. ಅಂಥ ರೆಕ್ಕೆ ಮುಂದಕ್ಕೆ ಹೋಗುವಾಗ ನೀರನ್ನು ಕಚ್ಚುತ್ತದೆ, ಹಿಂದಕ್ಕೆ ಬರುವಾಗ ಜಾರುತ್ತದೆ. ಈಗ ಬೇಕಾದ್ದು ಅಗಲದ, ಮಟ್ಟಸದ, ಎರಡು ಅಂಚೂ ಒಂದೇ ತೆರನಾಗಿ ದುಂಡಗಿರುವ ರೆಕ್ಕೆ. ತಾವೇ ಮಸೆದ ಹರಿತವನ್ನು ತಾವೇ ಉಜ್ಜಿ ಮೊಂಡು ಮಾಡಬೇಕು. ನನ್ನೆದುರು ಅಯಸ್ಕಾಂತಗಳ ನಡುವೆ ತೂಗುತ್ತಿರುವುದು ಅದೇ ಜೋಡಿಯ ಎರಡನೆಯದು. "ಅಂದ ಚಂದ ಏನೂ ಇಲ್ಲ ಇದಕ್ಕೆ. ಕೈ ಬರ್ತಿರ್ಲಿಲ್ಲ ಮೊದಮೊದ್ಲು. ಸಾಕಿದ ಬೆಕ್ಕಿನ ಉಗುರು ಕತ್ತರಿಸಿದ ಹಾಗಾಗ್ತಿತ್ತು," ಅನ್ನುತ್ತಾ ಕೊನೆಯ ಸಲ ತಿರುಗಿಸಿ ಬಿಡುತ್ತಾರೆ. ಅದು ಎಲ್ಲಿ ಬೇಕೋ ಅಲ್ಲಿ ನಿಲ್ಲುತ್ತದೆ. ಇನ್ನೊಮ್ಮೆ ಬಿಡುತ್ತಾರೆ, ಬೇರೆ ಕಡೆ ನಿಲ್ಲುತ್ತದೆ. ಯಾವ ರೆಕ್ಕೆಯೂ ಕೆಳಗೆ ಓಡುವುದಿಲ್ಲ. "ಹಾಂ, ಈಗ ಯಾರೂ ಹೊಟ್ಟೆಬಾಕರಿಲ್ಲ."

ಕೊಳದ ದಡಕ್ಕೆ ನಾವು ಬರುವ ಹೊತ್ತಿಗೆ ಬಿಸಿಲು ಮರಗಳ ತಲೆಗೆ ಬಂದಿದೆ. ಯಜಮಾನರು ಬಂದಿದ್ದಾರೆ, ಆದರೆ ನೀರಿನ ಹತ್ತಿರ ಬಂದಿಲ್ಲ. ಹಿಂದೆ ಕಲ್ಲುಬೆಂಚಿನ ತುದಿಯಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದಾರೆ, ಕಟ್ಟಿದ್ದನ್ನೇ ಕಟ್ಟುತ್ತಿದ್ದಾರೆ. ಬೇಕರಿಯವನು ತನ್ನ ಭಾರದ ಬೋಟನ್ನು ಜೊಂಡಿಗೆ ನುಗ್ಗಿಸಿ ನಿಲ್ಲಿಸಿದ್ದಾನೆ. ಮೇಲ್ವಿಚಾರಕರು ಕೈಕಟ್ಟಿ ನಿಂತಿದ್ದಾರೆ. ಗಾಳಿ ನಮ್ಮ ಬೆನ್ನ ಹಿಂದಿನಿಂದ ಆಚೆ ಬದಿಗೆ ಬೀಸುತ್ತಿದೆ.

ಎಳೆಬೋಟು ನೀರಿಗಿಳಿಯುತ್ತದೆ. ಈ ಸಲ ಬಾಣವೂ ಇಲ್ಲ, ಗೀಣವೂ ಇಲ್ಲ. ಗುಡುಗುಡು ಅನ್ನುತ್ತಾ, ಮದುವೆ ಮನೆಗೆ ಹೊರಟ ಅಜ್ಜಿಯ ಹಾಗೆ ತೊನೆಯುತ್ತಾ ಹೋಗುತ್ತದೆ. ಯಾರೋ ಹಿಂದಿನಿಂದ, "ಅಕ್ಕಾ, ಮಧ್ಯಾಹ್ನದೊಳಗೆ ತಲುಪುತ್ತಾ?" ಅನ್ನುತ್ತಾರೆ. ಅಕ್ಕ ತಿರುಗಿ ನೋಡುವುದಿಲ್ಲ. ಅದು ತಲುಪುತ್ತದೆ, ತೋಳು ಚಾಚಿ ತಬ್ಬಿಕೊಳ್ಳುತ್ತದೆ. ದಡದಲ್ಲಿ ಈಗ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಹೋದ ವಾರದ ಚಪ್ಪಾಳೆ ಎಲ್ಲರಿಗೂ ನೆನಪಿದೆ.

ಅಕ್ಕ ರಿವರ್ಸ್ ಕೊಡುತ್ತಾರೆ.

ನೀರು ಕಲಕುತ್ತದೆ. ಬೋಟು ಅಲುಗುವುದಿಲ್ಲ. ಜೊಂಡು ಮಾತ್ರ ಬಾಗುತ್ತದೆ. ನಾನು ಬರೆಯುವುದನ್ನು ನಿಲ್ಲಿಸಿದ್ದೇನೆ. ಅಕ್ಕ ಹೆಬ್ಬೆರಳನ್ನು ಇನ್ನಷ್ಟು ಒತ್ತುವುದಿಲ್ಲ, ಸಡಿಲಿಸುವುದೂ ಇಲ್ಲ. ಹಾಗೇ ಹಿಡಿದಿರುತ್ತಾರೆ. ಆಮೇಲೆ ಜೊಂಡಿನಿಂದ ಒಂದು ಕಟ್ಟು ಪಾಚಿ ಸಮೇತ ಎರಡೂ ಬೋಟುಗಳು ಪುಸಕ್ಕನೆ ಹೊರಗೆ ಬರುತ್ತವೆ. ಹಿಂದುಹಿಂದಾಗಿ, ನೆಟ್ಟಗೆ, ಒಂದಿಷ್ಟೂ ಪಕ್ಕಕ್ಕೆ ಜಗ್ಗದೆ, ನಮ್ಮ ಕಡೆಗೆ.

ಮೇಲ್ವಿಚಾರಕರು ದಡಕ್ಕೆ ಬಂದ ಬೋಟನ್ನು ಬಗ್ಗಿ ನೋಡುತ್ತಾರೆ. "ಸರಿ ಅಮ್ಮಾ. ಇದು ದಡದಲ್ಲಿದ್ರೆ ಆಟ. ಇಲ್ಲದ ಭಾನುವಾರ ಇಲ್ಲ," ಅನ್ನುತ್ತಾರೆ. ಒಂದೆರಡು ಹೆಜ್ಜೆ ಹೋಗಿ ನಿಂತು, "ಚೆನ್ನಾಗಿ ಮಾಡಿದ್ದೀರಿ," ಅಂತ ಸೇರಿಸುತ್ತಾರೆ. ಆಗ ನೋಡಬೇಕು ಗಲಾಟೆ. ದೊಡ್ಡ ದೊಡ್ಡ ಗಂಡಸರು ಶಾಲೆ ಬಿಟ್ಟ ಮಕ್ಕಳ ಹಾಗೆ ತಂತಮ್ಮ ಬೋಟು ನೀರಿಗೆ ಬಿಡುತ್ತಾರೆ. ಕಿರ್ರೋ ಅಂತ ಕೊಳವೆಲ್ಲ ಚೀರಾಟ. ಅಕ್ಕ ಮಾತ್ರ ಒದ್ದೆ ಹುಲ್ಲಿನ ಮೇಲೆ ಕಾಲು ಚಾಚಿ ಕೂತು, ಕಣ್ಣು ಮುಚ್ಚಿ, ಒಂದು ದೊಡ್ಡ ಉಸಿರು ಬಿಡುತ್ತಾರೆ. ಯಾವ ಕಡೆಗೆ ಬೇಕಾದರೂ ಬಿಡಬಹುದಾದ ಉಸಿರು.

ಇಲ್ಲಿಗೆ ಮುಗಿಸಿ ಏಳಬೇಕು ಅಂದುಕೊಳ್ಳುತ್ತೇನೆ. ಅಷ್ಟರಲ್ಲಿ ಕೊಳದ ನಡುವೆ ಒಂದು ಬೋಟು ಸದ್ದು ನಿಲ್ಲಿಸುತ್ತದೆ. ಮತ್ತೆ ಬೇಕರಿಯವನದೇ. ಈ ಸಲ ನಾಟಕವಲ್ಲ, ನಿಜವಾಗಿ ಕೈಕೊಟ್ಟಿದೆ, ಗಾಳಿ ಅದನ್ನು ಜೊಂಡಿನ ಕಡೆ ದೂಡುತ್ತಿದೆ. ಬೆಂಚಿನ ಮೇಲಿದ್ದ ಯಜಮಾನರು ಎದ್ದು ನಿಂತಿದ್ದಾರೆ. ತಮಗೇ ಗೊತ್ತಿಲ್ಲದ ಹಾಗೆ ನೀರಿನತ್ತ ನಾಲ್ಕು ಹೆಜ್ಜೆ ಇಟ್ಟಿದ್ದಾರೆ. ಎಲ್ಲರೂ ಅವರನ್ನೇ ನೋಡುತ್ತಾರೆ, ನೋಡದವರಂತೆ ಮುಖ ತಿರುಗಿಸುತ್ತಾರೆ. ಯಜಮಾನರು ಅಲ್ಲೇ ನಿಂತುಬಿಡುತ್ತಾರೆ, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಅಕ್ಕ ಎದ್ದು ಹೋಗಿ ಎಳೆಬೋಟಿನ ರಿಮೋಟನ್ನು ಅವರ ಕೈಯಲ್ಲಿಡುತ್ತಾರೆ.

"ರೀ, ಬನ್ನಿ ಇಲ್ಲಿ. ಇಲ್ಲೇ ಕೂತ್ಕೊಳ್ಳಿ, ಹುಲ್ಲಿನ ಮೇಲೆ."

"ನಾನ್ಯಾಕೆ? ನೀನೇ ತಾ."

"ಡ್ರೈವರು ಯಾರು, ನಾನಾ ನೀವಾ? ಬಸ್ಸನ್ನೂ ಕೂತೇ ಓಡಿಸ್ತಿದ್ರಲ್ಲ, ಇದನ್ನೂ ಕೂತೇ ಓಡ್ಸಿ."

ಅವರು ಕೂರುತ್ತಾರೆ. ಮೊದಲು ಬೋಟು ಅಡ್ಡಾದಿಡ್ಡಿ ಹೋಗುತ್ತದೆ. ಆಮೇಲೆ ಕೈಗೆ ತನ್ನ ಕೆಲಸ ನೆನಪಾಗುತ್ತದೆ. ಜೊಂಡಿನ ಅಂಚಿನಲ್ಲಿ ಬೋಟನ್ನು ಹಿಡಿದು, ಇಕ್ಕಟ್ಟಾದ ನಿಲ್ದಾಣದಿಂದ ಬಸ್ಸು ತೆಗೆಯುವವರ ಹಾಗೆ ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಾ, ಹಿಂದಕ್ಕೆ ಹಿಂದಕ್ಕೆ ತಂದು ದಡಕ್ಕೆ ಮುಟ್ಟಿಸುತ್ತಾರೆ. ಬೇಕರಿಯವನು ತನ್ನ ಬೋಟು ಎತ್ತಿಕೊಂಡು, ಅಷ್ಟು ತಿಂಗಳು ಯಾರೂ ಆಡದ ಮಾತನ್ನು ಆಡಿಬಿಡುತ್ತಾನೆ: "ಪರ್ವಾಗಿಲ್ಲ ಅಣ್ಣಾ, ಈ ಸಲ ಪ್ಯಾಂಟು ಒದ್ದೆ ಆಗ್ಲಿಲ್ಲ!"

 ಎಲ್ಲರಿಗಿಂತ ಮೊದಲು ನಗುವವರು ಯಜಮಾನರು. ಭುಜ ಕುಣಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. ಆಮೇಲೆ ಕೊಳದ ದಡವೆಲ್ಲ ನಗುತ್ತದೆ. ಅಕ್ಕ ಎಳೆಬೋಟನ್ನು ಮಗುಚಿ ಹಾಕಿಕೊಂಡು, ತಂತಿಬುಟ್ಟಿಗೆ ಸಿಕ್ಕ ಪಾಚಿಯನ್ನು ಬಿಡಿಸುತ್ತಾ ತಲೆ ಬಗ್ಗಿಸಿಯೇ ಇದ್ದಾರೆ. ಅವರ ಮುಖ ನನಗೆ ಕಾಣುವುದಿಲ್ಲ.

ಹೊರಡುವ ಮುನ್ನ, ಇಂಥ ಲೇಖನಗಳ ಕೊನೆಯಲ್ಲಿ ಕೇಳುವ ಪ್ರಶ್ನೆಯನ್ನು ನಾನೂ ಕೇಳುತ್ತೇನೆ. ಅಕ್ಕಾ, ನಿಮ್ಮ ಆಸೆ ಏನು?

ಅವರು ಪಾಚಿ ಒರೆಸಿದ ಬಟ್ಟೆಯನ್ನು ಹಿಂಡಿ ಹುಲ್ಲಿನ ಮೇಲೆ ಹರಡುತ್ತಾರೆ.

"ನನ್ನ ಬಗ್ಗೆ ಏನು ಬೇಕಾದ್ರೂ ಬರೀರಿ ಸಾರ್. ಇವರು ನೀರಿಗಿಳಿದಿದ್ದನ್ನೂ ಬರೀರಿ, ಸುಳ್ಳು ಯಾಕೆ? ಆದ್ರೆ ಕೊನೇಲಿ ಒಂದು ಮಾತು ಹಾಕಿ. ಬೋಟು ವಾಪಸ್ ತಂದೋರು ಇವರು."